ನೀರು ಕಾಯುವುದು

ಅಮ್ಮ ಕುವೈತಿಗೆ ಬಂದ ಮರುದಿನ ಬೆಳಿಗ್ಗೆ ನನಗೆ ಎಚ್ಚರವಾದದ್ದು ಪಾತ್ರೆಗೆ ನೀರು ಬೀಳುವ ಸದ್ದಿಗೆ. ಎದ್ದು ಅಡುಗೆಮನೆಗೆ ಹೋದರೆ ಅನ್ನದ ಪಾತ್ರೆ, ಸಾರಿನ ಪಾತ್ರೆ, ಕುಕ್ಕರು, ಹಬ್ಬಕ್ಕೆಂದು ಮೇಲೆತ್ತಿಟ್ಟಿದ್ದ ದೊಡ್ಡ ಡಬರಿ, ಕೊನೆಗೆ ಮಗಳ ಸ್ಕೂಲಿನ ಬಾಟಲಿಯವರೆಗೆ ಎಲ್ಲವೂ ಕಂಠಮಟ್ಟ ತುಂಬಿಕೊಂಡು ಸಾಲಾಗಿ ನಿಂತಿದ್ದವು. ಬಚ್ಚಲಲ್ಲಿ ಎರಡು ಬಕೆಟ್ಟು ತುಂಬಿ ಮೂರನೆಯದಕ್ಕೆ ನಲ್ಲಿ ಸುರಿಯುತ್ತಿತ್ತು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೂ ಬಚ್ಚಲಿಗೂ ಓಡಾಡುತ್ತಿದ್ದಳು.

“ಅಮ್ಮಾ, ಇಲ್ಲಿ ದಿನಪೂರ್ತಿ ನೀರು ಬರುತ್ತೆ” ಅಂದೆ.

“ಬಂದಾಗ ಹಿಡ್ಕೋಬೇಕು ಕಣೇ” ಅಂದಳು ಅಮ್ಮ. “ನಿಲ್ಸೋವಾಗ ನಿನ್ನ ಕೇಳಿ ನಿಲ್ಲಿಸ್ತಾರಾ?”

ಹೊಸ ಜಾಗ, ಒಂದೆರಡು ದಿನದಲ್ಲಿ ಸರಿಹೋಗುತ್ತಾಳೆ ಅಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಮತ್ತೆ ಅದೇ ಸದ್ದು. ಈ ಸಲ ಅದರ ಜೊತೆಗೆ ಇನ್ನೊಂದು ಸದ್ದೂ ಇತ್ತು, ಸಿಂಕಿಗೆ ಧೊಪ್ಪನೆ ನೀರು ಚೆಲ್ಲುವ ಸದ್ದು. ಹಿಂದಿನ ದಿನ ಹಿಡಿದಿಟ್ಟಿದ್ದಷ್ಟನ್ನೂ ಅಮ್ಮ ಒಂದೊಂದಾಗಿ ಬಗ್ಗಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ, ಏನು ಹುಚ್ಚಿಯ ಹಾಗೆ ಕೇಳ್ತೀಯ ಎಂಬಂತೆ ನೋಡಿದಳು. “ಹೊಸ ನೀರು ಬಂದಿರೋವಾಗ ತಂಗಳ ನೀರು ಯಾಕೆ ಇಟ್ಕೋಬೇಕು?”

ನಾನು ರೇಗಿದೆ. ನನ್ನ ಕೆಲಸ ಏನೆಂದು ಹೇಳಿದರೆ ಆ ಸಿಟ್ಟು ಅರ್ಥವಾದೀತು. ನಾನು ಇಲ್ಲಿನ ಒಂದು ಸಲಹಾ ಸಂಸ್ಥೆಯಲ್ಲಿ ನೀರಿನ ಇಂಜಿನಿಯರು. ಮುಂದೆ ಜನ ಹೆಚ್ಚಿದಾಗ, ಮನೆಗಳು ಮರಳುಗಾಡಿನ ಒಳಗೊಳಗೆ ಹಬ್ಬಿದಾಗ ಈ ಊರಿಗೆ ಎಷ್ಟು ನೀರು ಬೇಕಾಗುತ್ತದೆ, ಅದರಲ್ಲಿ ಎಷ್ಟನ್ನು ಉಳಿಸಬಹುದು ಎಂದು ಲೆಕ್ಕ ಹಾಕಿ ಯೋಜನೆ ಬರೆದುಕೊಡುವುದು ನಮ್ಮ ತಂಡದ ಕೆಲಸ. ಇಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಎಣ್ಣೆ, ಗ್ಯಾಸು ಉರಿಸಿ ಸಮುದ್ರದ ಉಪ್ಪು ತೆಗೆದು ಮಾಡಿದ ನೀರು. ಅದನ್ನು ಉಳಿಸುವ ಯೋಜನೆಗೆ ನಾನು ಹಗಲೆಲ್ಲ ತಲೆ ಕೆಡಿಸಿಕೊಂಡರೆ ರುಮೈಥಿಯಾ ಬಡಾವಣೆಯ ನನ್ನದೇ ಮನೆಯಲ್ಲಿ ನನ್ನ ಹೆತ್ತ ತಾಯಿ ಅದನ್ನು ಬಕೆಟ್ಟುಗಟ್ಟಲೆ ಬಚ್ಚಲಿಗೆ ಸುರಿಯುತ್ತಿದ್ದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಸಮುದ್ರದ ನೀರು ಕುದಿಸಿ ಮಾಡ್ತಾರೆ ಕಣಮ್ಮ ಇದನ್ನ.”

“ಹಂಗಾದ್ರೆ ಇನ್ನೂ ಹಿಡಿದಿಟ್ಕೋಬೇಕು. ಗ್ಯಾಸ್ ಮುಗಿದ್ರೆ ಏನ್ ಮಾಡ್ತೀಯ?”

ಆ ಪ್ರಶ್ನೆಯನ್ನು ನಮ್ಮ ಯೋಜನೆಯೂ ಕೇಳಿಕೊಂಡಿರಲಿಲ್ಲ. ಮಗಳು ಕಣ್ಣುಜ್ಜಿಕೊಂಡು ಬಂದವಳು ಪಾತ್ರೆಗಳ ಸಾಲು ನೋಡಿ, “ಅಜ್ಜೀ, ಆರ್ ವಿ ಗೋಯಿಂಗ್ ಟು ವಾರ್?” ಎಂದು ಕೇಳಿದಳು. ಅಜ್ಜಿ ಅವಳ ಕೈಗೊಂದು ತುಂಬಿದ ಲೋಟ ಕೊಟ್ಟಳು.

ಬೇಸಿಗೆ ಏರುತ್ತಿದ್ದ ಹಾಗೆ ಇಲ್ಲಿನ ನೀರಿನ ಇನ್ನೊಂದು ಗುಣವೂ ಅಮ್ಮನಿಗೆ ಗೊತ್ತಾಯಿತು. ಟ್ಯಾಂಕುಗಳೆಲ್ಲ ತಾರಸಿಯ ಮೇಲೆ ಬಿಸಿಲಿಗೆ ಮೈಯೊಡ್ಡಿಕೊಂಡಿರುತ್ತವೆ. ಜೂನ್ ಬಂತೆಂದರೆ ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ. ಗೀಸರನ್ನು ಆರಿಸಿಟ್ಟು, ಅದರೊಳಗೆ ನಿಂತು ಆರಿದ ನೀರನ್ನೇ ಬಿಸಿನೀರಿನ ನಲ್ಲಿಯಿಂದ ಬಿಟ್ಟುಕೊಂಡು ಸ್ನಾನ ಮಾಡುವುದು ಇಲ್ಲಿನ ಎಲ್ಲರ ಉಪಾಯ. ಅದು ಒಬ್ಬರ ಸ್ನಾನಕ್ಕೆ ಮುಗಿಯುತ್ತದೆ. ಎರಡನೆಯವರು ನಲ್ಲಿ ತಿರುಗಿಸಿ, ತಣ್ಣಗಾದೀತೆಂದು ನೀರನ್ನು ಸುಮ್ಮನೆ ಹರಿಯಬಿಟ್ಟು ನಿಂತಿರುತ್ತಾರೆ. ಅದು ತಣ್ಣಗಾಗುವುದಿಲ್ಲ.

“ಇದೇನೇ, ಒಲೆ ಹಚ್ಚದೆ ನೀರು ಕಾದಿದೆ!” ಎಂದು ಅಮ್ಮ ಮೊದಲ ಸಲ ಕೈ ಸುಟ್ಟುಕೊಂಡ ದಿನ ಕೂಗಿಕೊಂಡಿದ್ದಳು. ಆವತ್ತಿನಿಂದ ಆ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು. ಕನ್ನಡದಲ್ಲಿ ಕಾಯುವುದು ಎಂಬ ಒಂದೇ ಮಾತಿನ ಮೇಲೆ ಎಷ್ಟೊಂದು ಹೊರೆ! ಒಲೆಯ ಮೇಲಿನ ನೀರು ಕಾಯುತ್ತದೆ. ಬರದ ಬಸ್ಸಿಗೆ ನಾವು ಕಾಯುತ್ತೇವೆ. ಹೊಲವನ್ನು ಕಾವಲಿನವನು ಕಾಯುತ್ತಾನೆ. ನಮ್ಮ ಯೋಜನೆಗೆ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಉದ್ದುದ್ದ ಹೆಸರಿತ್ತು. ಅಮ್ಮನಿಗೆ ಅದನ್ನು ಹೇಗೆ ತಿಳಿಸುವುದೆಂದು ಯೋಚಿಸಿ, “ನೀರು ಕಾಯೋ ಕೆಲಸ ಅಮ್ಮ ನಂದು” ಅಂದಿದ್ದೆ. ಅಮ್ಮ ನಕ್ಕು, “ಅದನ್ನ ನಾನು ಜೀವಮಾನವೆಲ್ಲ ಮಾಡಿದೀನಿ, ನನಗ್ಯಾರೂ ಸಂಬಳ ಕೊಡ್ಲಿಲ್ಲ” ಅಂದಳು.

ಆ ವಾರವೇ ಆಫೀಸಿನ ಮೀಟಿಂಗು. ನಮ್ಮ ಮುದೀರ್, ಎಂದರೆ ಮ್ಯಾನೇಜರು, ಜೋರ್ಡಾನಿನ ಅಮ್ಮಾನ್ ಊರಿನವರು. ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. ಯಾವ ಮಾತಿಗೂ ಮೊದಲು ಒಂದು ಯಲ್ಲಾ, ಎಂದರೆ ನಡೀರಿ, ಕೊನೆಗೊಂದು ಖಲಾಸ್, ಎಂದರೆ ಮುಗೀತು. ನೀರು ಉಳಿಸುವ ದಾರಿಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸುತ್ತ ಹೋದರು. ದೊಡ್ಡ ವಿಲ್ಲಾಗಳ ನಲ್ಲಿಗಳಲ್ಲಿ ಹರಿವು ತಗ್ಗಿಸುವುದು. ಅದಕ್ಕೆ ಮಾಲೀಕರು ಒಪ್ಪುವುದಿಲ್ಲ ಎಂದು ಒಬ್ಬರು. ಬಾಡಿಗೆ ಫ್ಲ್ಯಾಟುಗಳಿಗೆ ಒಂದೊಂದು ಮೀಟರು. ಅದಕ್ಕೆ ಕಟ್ಟಡದವರು ಒಪ್ಪುವುದಿಲ್ಲ ಎಂದು ಇನ್ನೊಬ್ಬರು. ತಾರಸಿಯ ಟ್ಯಾಂಕಿಗೆ ನೆರಳು ಮಾಡಿದರೆ ತಣ್ಣಗಾಗಲಿ ಎಂದು ಹರಿಯಬಿಡುವ ನೀರು ಉಳಿಯುತ್ತದೆ ಎಂದು ನಾನು ಬರೆದಿದ್ದೆ. ಅದನ್ನು ನೋಡಿ ಎಲ್ಲರೂ ಮುಗುಳ್ನಕ್ಕರು. ಕೊನೆಯ ಸಾಲು, ಕಾರ್ಮಿಕರ ವಸತಿಗಳಿಗೆ ಹೊತ್ತು ಗೊತ್ತುಮಾಡಿ ನೀರು ಬಿಡುವುದು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಅದಕ್ಕೆ ಒಪ್ಪುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಯಾಕೆಂದರೆ ಆ ವಸತಿಗಳಿಂದ ಯಾರೂ ಆ ಕೋಣೆಗೆ ಬಂದಿರಲಿಲ್ಲ.

ನಾನು ಬಾಯಿ ತೆರೆದೆ. ಆದರೆ ನನ್ನ ಹತ್ತಿರ ವಾದವಿರಲಿಲ್ಲ, ಬರೀ ಸಿಟ್ಟಿತ್ತು. “ಇದು ಸರಿಯಲ್ಲ” ಎಂದೆ, ಅಷ್ಟೇ.

ಮುದೀರ್ ನನ್ನತ್ತ ತಿರುಗಿದರು. “ನೀನು ಗಂಟೆ ನೋಡಿಕೊಂಡು ನೀರು ಬರುವ ಊರಿನಲ್ಲಿ ಬೆಳೆದವಳು. ನಾನೂ ಹಾಗೇ. ಅಮ್ಮಾನಿನಲ್ಲಿ ನಮಗೆ ವಾರಕ್ಕೊಂದು ದಿನ ನೀರು. ಅದರಿಂದ ನೀನೂ ಸಾಯಲಿಲ್ಲ, ನಾನೂ ಸಾಯಲಿಲ್ಲ. ಇದರ ಬಗ್ಗೆ ಇಲ್ಲಿ ನಿನಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಮೊದಲು ಸುಲೈಬಿಯಾದ ಒಂದು ಕಾರ್ಮಿಕರ ಕ್ಯಾಂಪಿನಲ್ಲಿ ಮಾಡಿ ನೋಡೋಣ. ಯಾವ ಹೊತ್ತಿಗೆ ಬಿಡಬೇಕು ಅಂತ ನೀನೇ ಬರೆದುಕೊಡು. ಖಲಾಸ್.”

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಯಲ್ಲಿ ಒಂದು ನಲ್ಲಿ ತೊಟ್ಟಿಕ್ಕಿದರೂ ಎದ್ದು ಹೋಗಿ ತಿರುಗಿಸುತ್ತಿದ್ದೆ. ಟೀವಿ ಹಾಕುವುದು, ಆರಿಸುವುದು, ಫ್ರಿಜ್ಜು ತೆಗೆಯುವುದು, ಯಾಕೆ ತೆಗೆದೆನೆಂದು ಮರೆತು ಮುಚ್ಚುವುದು. ಗಂಡ ಬ್ಯಾಂಕಿನಿಂದ ಬಂದು ಬೂಟು ಬಿಚ್ಚುತ್ತ, “ಏನಿವತ್ತು, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?” ಎಂದು ಕೇಳಿದರು. ಬರೆಯುವುದಿಲ್ಲ ಎನ್ನುವುದು ಸುಲಭವಿರಲಿಲ್ಲ. ನನ್ನ ಇಕಾಮಾ, ಎಂದರೆ ಈ ದೇಶದಲ್ಲಿರುವ ಪರವಾನಗಿ, ಆ ಕಂಪನಿಯದು, ಬೇರೆ ಕೆಲಸ ಹುಡುಕುವ ವಯಸ್ಸೂ ದಾಟುತ್ತಿತ್ತು. ಬರೆದರೆ, ನಾನು ಕಣ್ಣಲ್ಲಿ ಕಾಣದ ನೂರಾರು ಗಂಡಸರ ಸ್ನಾನ, ಬಟ್ಟೆ, ಅಡುಗೆ ಎಲ್ಲವೂ ನಾನು ಬರೆದ ಗಂಟೆಗೆ ಕಟ್ಟುಬೀಳುತ್ತಿತ್ತು.

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಅಮ್ಮ ಸಾರು ಬಡಿಸುತ್ತಿದ್ದವಳು ಸೌಟನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತಳು.

“ಅಂದ್ರೆ ನೀರು ಬಿಡೋನ ಕೆಲಸ?”

“ಒಂಥರ ಹಾಗೇ.”

“ಇಂಜಿನಿಯರ್ ಓದಿಸಿ, ವಿಮಾನ ಹತ್ತಿಸಿ ಕಳಿಸಿದ್ದು ನೀರುಗಂಟಿ ಆಗು ಅಂತಾನಾ?” ಎಂದು ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಗಂಡನೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ತುಮಕೂರಿನ ಕಡೆಯ ನಮ್ಮ ಊರಿನಲ್ಲಿ ನೀರುಗಂಟಿ ಎಂದರೆ ಬೀದಿಯ ವಾಲ್ವು ತಿರುಗಿಸುವವನು. ಸೈಕಲ್ಲಿಗೆ ಕಬ್ಬಿಣದ ಉದ್ದದ ಕೀಲಿ ಕಟ್ಟಿಕೊಂಡು ಬರುತ್ತಿದ್ದ. ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆಂಗಸರು ಅವನನ್ನು ಕರೆದು ಕಾಫಿ ಕೊಡುತ್ತಿದ್ದರು, ಬೆನ್ನು ತಿರುಗಿಸಿದ ಮೇಲೆ ಶಾಪವನ್ನೂ ಹಾಕುತ್ತಿದ್ದರು. ಅವನ ಸೈಕಲ್ ಬೆಲ್ಲು ಕೇಳಿದರೆ ಅಮ್ಮ ಊಟದ ಎಲೆ ಮುಂದಿನಿಂದ ಎದ್ದುಬಿಡುತ್ತಿದ್ದಳು. ಮದುವೆ, ಮುಂಜಿ, ಸಿನಿಮಾ, ತವರು, ಎಲ್ಲಕ್ಕೂ ಮೊದಲು “ಅವತ್ತು ನೀರು ಬರೋ ದಿನಾನಾ?” ಎನ್ನುವ ಪ್ರಶ್ನೆ.

ನನ್ನ ಘಟಿಕೋತ್ಸವಕ್ಕೆ ಅಮ್ಮ ಬರದಿದ್ದದ್ದೂ ಅದೇ ಕಾರಣಕ್ಕೆ. ನಮ್ಮ ಮನೆತನದಲ್ಲಿ ಇಂಜಿನಿಯರ್ ಆದ ಮೊದಲ ಹೆಣ್ಣು ನಾನು. ಹಿಂದಿನ ದಿನವೇ ಅಮ್ಮ ಹಸಿರು ರೇಷ್ಮೆ ಸೀರೆಗೆ ಇಸ್ತ್ರಿ ಮಾಡಿಸಿಟ್ಟಿದ್ದಳು. ಬೆಳಿಗ್ಗೆ ಪಕ್ಕದ ಮನೆಯವರು ಬಂದು ಇವತ್ತು ನೀರು ಬಿಡ್ತಾರಂತೆ ಅಂದರು. ವಾರದಿಂದ ಬಂದಿರಲಿಲ್ಲ, ಹಂಡೆಯ ತಳ ಕಾಣುತ್ತಿತ್ತು. “ನೀವಿಬ್ರೂ ಹೋಗ್ಬನ್ನಿ” ಅಂದಳು ಅಮ್ಮ. ಬೆಂಗಳೂರಿನ ಆ ದೊಡ್ಡ ಸಭಾಂಗಣದಲ್ಲಿ ಅಪ್ಪ ಒಬ್ಬರೇ ಚಪ್ಪಾಳೆ ತಟ್ಟಿದರು. ಫೋಟೋದಲ್ಲಿ ನಾನು, ಅಪ್ಪ, ನನ್ನ ಕರಿ ಗೌನು. ಅಮ್ಮನಿಗೆ ನನಗಿಂತ ನೀರು ಹೆಚ್ಚಾಯಿತೇ ಎಂದು ಅವತ್ತು ಅನ್ನಿಸಿದ್ದು ಇವತ್ತಿಗೂ ಪೂರ್ತಿ ಹೋಗಿರಲಿಲ್ಲ.

ಸುಲೈಬಿಯಾದ ಕ್ಯಾಂಪಿಗೆ ಒಂದು ಸಂಜೆ ಹೋದೆ. ಆರನೇ ರಿಂಗ್ ರೋಡಿನಲ್ಲಿ ವಾಹನಗಳು ಇಂಚಿಂಚಾಗಿ ತೆವಳುತ್ತಿದ್ದವು, ಧೂಳಿನಲ್ಲಿ ಸೂರ್ಯ ಮಾಸಲಾಗಿ ಕಾಣುತ್ತಿದ್ದ. ಗೋದಾಮುಗಳ ಹಿಂದೆ ಎರಡಂತಸ್ತಿನ ಉದ್ದನೆಯ ಕಟ್ಟಡ. ತಾರಸಿಯ ಮೇಲೆ ನೆರಳಿಲ್ಲದೆ ನಿಂತ ಟ್ಯಾಂಕುಗಳು. ಕ್ಯಾಂಪು ನೋಡಿಕೊಳ್ಳುವ ಹೈದರಾಬಾದಿನವರು ನನ್ನನ್ನು ಸುತ್ತಾಡಿಸಿದರು. ನಾನು ಬಂದದ್ದು ಯಾಕೆಂದು ಹೇಳಿದಾಗ ಅವರ ಮುಖ ಗಂಟಿಕ್ಕಿತು.

“ಟೈಮ್ ಬರೀತೀರಾ? ಬರೀರಿ ಮೇಡಂ. ಬಸ್ ಕಾ ಟೈಮ್ ಭೀ ಲಿಖ್ ದೋ” ಎಂದರು. ಬಸ್ಸಿನ ಹೊತ್ತನ್ನೂ ಬರೆದುಬಿಡಿ ಎಂದು ಅವರ ಮಾತು.

ಆ ಮಾತು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಬಸ್ಸು ಬಂದು ಜನರನ್ನಿಳಿಸಿತು. ಅವರು ಸ್ನಾನ ಮುಗಿಸಿ, ಅಂಗಿ ಒಗೆದು, ಈರುಳ್ಳಿ ಹೆಚ್ಚುವುದಕ್ಕೆ ಕೂತರೂ ಎರಡನೆಯ ಬಸ್ಸಿನ ಸುಳಿವಿರಲಿಲ್ಲ. ಯಾವುದೋ ಸೈಟಿನಲ್ಲಿ ಕೆಲಸ ಮುಗಿದಿಲ್ಲ, ರಸ್ತೆಯಲ್ಲಿ ವಾಹನ ನಿಂತಿವೆ ಎಂದು ಫೋನು ಬರುತ್ತಿತ್ತು. ಮೊಗಸಾಲೆಯ ಉದ್ದಕ್ಕೂ ಬಕೆಟ್ಟುಗಳು ಸಾಲಾಗಿ ಕೂತಿದ್ದವು, ಬೆಳಿಗ್ಗೆ ಹೋಗುವ ಮುಂಚೆ ತುಂಬಿಟ್ಟವು. ನಲ್ಲಿಯ ನೀರು ಮೈ ಸುಡುತ್ತದೆ, ಇಟ್ಟ ನೀರು ಸಂಜೆಗೆ ಆರಿರುತ್ತದೆ ಎಂದು ಹೀಗೆ ಮಾಡುತ್ತಾರಂತೆ. ಒಂದೊಂದರ ಮೇಲೆ ಒಂದೊಂದು ಭಾಷೆಯ ಗುರುತು. ಒಂದು ನೀಲಿ ಬಕೆಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ ಸೊಟ್ಟಸೊಟ್ಟಗೆ ‘ಮುಟ್ಟಬ್ಯಾಡ್ರಿ’ ಎಂದು ಕನ್ನಡದಲ್ಲಿ ಬರೆದಿತ್ತು.

ಇಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಾರೆಂದು ಬರೆದನೋ! ಉತ್ತರ ಕರ್ನಾಟಕದ ಯಾರೋ ಇರಬೇಕು. ಯಾರದು ಎಂದು ಕೇಳಿದೆ. ಆತ ಎರಡನೆಯ ಬಸ್ಸಿನವನು. ಸ್ವಲ್ಪ ಹೊತ್ತು ನಿಂತು ನೋಡಿದೆ, ಮಗಳನ್ನು ಟ್ಯೂಷನ್ನಿನಿಂದ ಕರೆತರಬೇಕಿತ್ತು, ಹೊರಟೆ. ನಾನು ಕಾರು ಹತ್ತುವವರೆಗೂ ಆ ಬಸ್ಸು ಬರಲಿಲ್ಲ.

ಆ ಬಕೆಟ್ಟು ನನ್ನನ್ನು ಬಿಡಲಿಲ್ಲ. ಲ್ಯಾಪ್‌ಟಾಪ್ ತೆಗೆದು, ಬೆಳಿಗ್ಗೆ ಇಷ್ಟರಿಂದ ಇಷ್ಟು ಎಂದು ಬರೆಯುತ್ತೇನೆ, ಅಳಿಸುತ್ತೇನೆ. ಸಂಜೆ ಐದು ಎಂದು ಬರೆದರೆ ಅವನ ಬಸ್ಸು ಬಂದಿರುವುದಿಲ್ಲ. ಏಳು ಎಂದು ಬರೆದರೆ ಮೊದಲ ಬಸ್ಸಿನವರು ಸಿಮೆಂಟು ಮೆತ್ತಿದ ಮೈಯಲ್ಲೇ ಕೂತಿರಬೇಕು. ಅಡುಗೆಮನೆಯಲ್ಲಿ ಅಮ್ಮ ಮತ್ತೆ ಧೊಪ್ಪನೆ ತಂಗಳ ನೀರು ಚೆಲ್ಲಿದಳು. “ಅಮ್ಮಾ, ಸಾಕು ಮಾಡ್ತೀಯಾ!” ಎಂದು ಕಿರುಚಿದವಳಿಗೆ ತಟ್ಟನೆ ಹೊಳೆಯಿತು. ಇಷ್ಟು ದಿನ ಹುಡುಕುತ್ತಿದ್ದ ವಾದ ನನ್ನ ಸಿಂಕಿನಲ್ಲೇ ಹರಿದುಹೋಗುತ್ತಿತ್ತು.

ಗುರುವಾರದ ಮೀಟಿಂಗಿನಲ್ಲಿ ವೇಳಾಪಟ್ಟಿ ಎಲ್ಲಿ ಎಂದು ಮುದೀರ್ ಕೇಳಿದರು. ಬರೆದಿಲ್ಲ ಎಂದೆ.

“ಹೊತ್ತು ನೋಡಿ ನೀರು ಬಿಟ್ಟರೆ ನೀರು ಉಳಿಯುವುದಿಲ್ಲ” ಎಂದೆ. “ಮತ್ತೆ ಬರುತ್ತದೋ ಇಲ್ಲವೋ ಎಂಬ ಭಯಕ್ಕೆ ಜನ ಬೇಕಾದ್ದಕ್ಕಿಂತ ಹೆಚ್ಚು ಹಿಡಿದಿಡುತ್ತಾರೆ. ಹೊಸ ನೀರು ಬಂದ ಕೂಡಲೇ ಹಳೆಯದನ್ನು ಚೆಲ್ಲುತ್ತಾರೆ. ನಮ್ಮ ಊರಿನಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಈಗ ನನ್ನ ಫ್ಲ್ಯಾಟಿನಲ್ಲಿ ದಿನವಿಡೀ ನಲ್ಲಿ ಬರುತ್ತದೆ, ಆದರೂ ನನ್ನ ತಾಯಿ ದಿನಾ ಬೆಳಿಗ್ಗೆ ಅದನ್ನೇ ಮಾಡುತ್ತಿದ್ದಾಳೆ. ಆ ಭಯ ವೀಸಾ ಇಲ್ಲದೆ ಅವಳ ಜೊತೆ ಬಂದಿದೆ.”

ಯಾರೋ ನಕ್ಕರು. ಮುದೀರ್ ನಗಲಿಲ್ಲ. ಬಸ್ಸಿನ ವಿಷಯ ಹೇಳಿದೆ, ಬಕೆಟ್ಟಿನ ವಿಷಯ ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಾಗಲಿಲ್ಲ. “ನಾವು ಸಾಯಲಿಲ್ಲ ಅಂದಿರಿ, ನಿಜ. ನೀರು ಬರುವ ದಿನ ಅಂತ ನನ್ನ ತಾಯಿ ನನ್ನ ಘಟಿಕೋತ್ಸವಕ್ಕೆ ಬರಲಿಲ್ಲ” ಎಂದುಬಿಟ್ಟೆ.

ಮುದೀರ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ನಮಗೆ ನೀರು ಗುರುವಾರ. ನನ್ನ ತಾಯಿ ಅವತ್ತು ಯಾರ ಮನೆಗೂ ಹೋಗುತ್ತಿರಲಿಲ್ಲ” ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಎಂದಿನ ದನಿಯಲ್ಲಿ, ಕ್ಯಾಂಪಿನ ಸಾಲನ್ನು ಈ ವರ್ಷ ಕೈಬಿಡೋಣ, ಮುಂದಿನ ವರ್ಷದ ಮರುಪರಿಶೀಲನೆಗೆ ಇಡೋಣ, ಅದರ ಜಾಗದಲ್ಲಿ ಟ್ಯಾಂಕಿನ ನೆರಳನ್ನು ಹಾಕು ಎಂದರು. ಯಲ್ಲಾ, ಮುಂದಿನದು.

ಗೆದ್ದೆ ಅನ್ನಿಸಿತು. ಮನೆಗೆ ಹಾರಿಕೊಂಡು ಬಂದೆ. ಅಮ್ಮ ನೆಲದ ಮೇಲೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ.

“ನನ್ನ ಕಥೇನ ಆಫೀಸಲ್ಲೆಲ್ಲ ಹೇಳ್ಕೊಂಡು ಬಂದ್ಯಾ? ಮಾನ ಮರ್ಯಾದೆ ಬೇಡ್ವೇನೇ?” ಎಂದು ಮೊದಲು ಬೈದಳು. ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. ಆಮೇಲೆ ತಲೆಯೆತ್ತದೆ, “ಅವತ್ತು ನೀರು ಬರ್ಲೇ ಇಲ್ಲ ಕಣೇ” ಅಂದಳು.

“ಯಾವತ್ತು?”

“ನೀನು ಕರಿ ಗೌನು ಹಾಕ್ಕೊಂಡ ದಿನ. ಸಾಯಂಕಾಲದ ತನಕ ನಲ್ಲಿ ಹತ್ರಾನೇ ಕೂತಿದ್ದೆ. ಮೋಟ್ರು ಕೆಟ್ಟಿತ್ತಂತೆ. ನೀರುಗಂಟಿ ಬರ್ಲೇ ಇಲ್ಲ.”

“ನಾನು ಬಂದಾಗ ಹಂಡೆ ತುಂಬಿತ್ತಲ್ಲಮ್ಮ? ಬಿಸಿನೀರಿತ್ತು, ಸ್ನಾನ ಮಾಡಿದೆ.”

“ದೇವಸ್ಥಾನದ ಹಿಂದೆ ಬೋರಿತ್ತಲ್ಲ, ಅಲ್ಲಿಂದ ಹೊತ್ಕೊಂಡು ಬಂದೆ. ಬಸ್ಸಲ್ಲಿ ದಣ್ದು ಬರ್ತೀಯ, ನೀರು ಕಾಯಿಸಿಡಬೇಕಿತ್ತಲ್ಲ.”

“ಹೇಳ್ಬಾರ್ದಾಗಿತ್ತಾ?”

“ಏನಂತ ಹೇಳ್ಲಿ? ಬರ್ದೇ ಇರೋ ನೀರಿಗೆ ನಿನ್ನ ಬಿಟ್ಟೆ ಅಂತಾನಾ?”

ನಾನು ಅತ್ತೆ. ಅಮ್ಮ ಅಳಲಿಲ್ಲ, “ಏಳು, ಮುಖ ತೊಳ್ಕೋ” ಎಂದು ಗದರಿ, ಸೊಪ್ಪಿನ ಕಡ್ಡಿಗಳನ್ನು ಬಾಚಿಕೊಂಡು ಒಳಗೆ ಹೋದಳು. ಮುಖ ತೊಳೆಯಲು ನಲ್ಲಿ ತಿರುಗಿಸಿದರೆ ಸುಡುವ ನೀರು.

ಅಂದುಕೊಂಡಷ್ಟು ನಾನು ಗೆದ್ದಿರಲಿಲ್ಲ. ಆ ಸಾಲು ಸತ್ತಿಲ್ಲ, ಕಡತದ ಹಿಂದಿನ ಪುಟದಲ್ಲಿ ಮುಂದಿನ ವರ್ಷಕ್ಕೆ ಕಾಯುತ್ತ ಕೂತಿದೆ. ಆ ವರ್ಷ ಬಂದಾಗ ನಾನು ಈ ಕೆಲಸದಲ್ಲಿ ಇರುತ್ತೇನೋ ಇಲ್ಲವೋ, ಇನ್ಯಾರಾದರೂ ಕೂತು ಐದೋ ಏಳೋ ಎಂದು ಬರೆದುಬಿಡುತ್ತಾರೋ ಎಂಬ ತಳಮಳ ಇನ್ನೂ ಇದೆ. ಅದಕ್ಕೇ ಇಲ್ಲಿನ ಶುಕ್ರವಾರ, ಶನಿವಾರದ ರಜೆ ಕಳೆದು ಭಾನುವಾರ ಆಫೀಸು ತೆರೆದ ಕೂಡಲೇ ಹೋಗಿ, ಆ ಸಾಲಿನ ಕೆಳಗೆ ಎರಡನೆಯ ಬಸ್ಸಿನ ಸಂಗತಿಯನ್ನೂ ತಂಗಳ ನೀರಿನ ಸಂಗತಿಯನ್ನೂ ಬರೆದು ನನ್ನ ಹೆಸರು ಹಾಕಿದೆ. ಮುದೀರ್ ಓದಿದರು, ತೆಗೆಯಲಿಲ್ಲ.

ಆದರೆ ಅದಕ್ಕೂ ಮೊದಲು, ಶುಕ್ರವಾರ ಬೆಳಿಗ್ಗೆ, ಮತ್ತೆ ಅದೇ ಸದ್ದಿಗೆ ಎಚ್ಚರವಾಗಿತ್ತು. ಅಮ್ಮ ಬಚ್ಚಲಲ್ಲಿ ಹಿಂದಿನ ದಿನದ ಬಕೆಟ್ಟನ್ನು ಬಗ್ಗಿಸಲು ಕೈ ಹಾಕಿದ್ದಳು. ನಾನು ಹೋಗಿ ಬಕೆಟ್ಟಿನ ಹಿಡಿ ಹಿಡಿದುಕೊಂಡೆ.

“ಚೆಲ್ಬೇಡಮ್ಮ. ನಾನು ಇದ್ರಲ್ಲೇ ಸ್ನಾನ ಮಾಡ್ತೀನಿ.”

“ತಂಗಳ ನೀರು ಕಣೇ!”

“ಇರ್ಲಿ ಬಿಡು.”

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈಬಿಟ್ಟು, ಟವೆಲ್ಲು ತರಲು ಹೋದಳು. ಬಾಗಿಲು ಹಾಕಿಕೊಂಡು ತಲೆಯ ಮೇಲೆ ಒಂದು ಚೊಂಬು ಸುರಿದುಕೊಂಡೆ. ಏಸಿಯ ಮನೆಯಲ್ಲಿ ಒಂದಿಡೀ ದಿನ ಇದ್ದ ಆ ನೀರು ತಣ್ಣಗಿತ್ತು. ಹೊರಗಿನಿಂದ ಅಮ್ಮ, “ನೀರು ಸಾಕಾಗುತ್ತೇನೇ?” ಎಂದು ಕೂಗಿದಳು. ಸಾಕು ಅಂದೆ.